ಪದ ಊರಿನದು, ಮುದ್ರಿಕೆ ಕಂಪನಿಯದು

ರಾಕ್ ತಂಡವೊಂದರ ಅಳಿವು ಉಳಿವು ಅದರ ಹಾಡುಗಳ ಗುಣವನ್ನೂ ಕೇಳುಗರ ಒಲವನ್ನೂ ಅವಲಂಬಿಸಿದೆ ಎಂಬುದು ಸಾಮಾನ್ಯ ನಂಬಿಕೆಯಾದರೂ, ತಂಡವು ಆಡಿಯೋ ಕಂಪನಿಯೊಂದರ ಜೊತೆ ಕರಾರಿಗೆ ಸಹಿ ಹಾಕಿದ ಗಳಿಗೆಯಿಂದ ಅದರ ಮುಂದಿನ ಹಾದಿಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಆ ಕರಾರುಪತ್ರದ ನಾಲ್ಕಾರು ವಾಕ್ಯಗಳು. ಮುಂದಿನ ಸಂಕಲನ ಯಾವಾಗ ಬರಬೇಕು, ಬರಬೇಕೋ ಬೇಡವೋ, ಬಂದರೆ ಅದರ ಒಡೆತನ ಯಾರದು, ಕಂಪನಿಯೇ ಕೈಬದಲಾದರೆ ತಂಡದ ಗತಿಯೇನು ಎಂಬ ಪ್ರಶ್ನೆಗಳಿಗೆಲ್ಲ ಉತ್ತರವಿರುವುದು ಅಲ್ಲಿಯೇ. ಕನ್ನಡದ ರಾಕ್ ಹಾಗೂ ಜಾನಪದ ರಾಕ್ ತಂಡಗಳ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ: ಈ ತಂಡಗಳು ಹಾಡುತ್ತ ಬಂದಿರುವ ಪದಗಳಲ್ಲಿ ತತ್ವಪದ, ದಾಸರ ಪದ, ವಚನ ಹಾಗೂ ಜನಪದ ಗೀತೆಗಳ ಪಾಲು ಸಣ್ಣದಲ್ಲ, ಅವು ಯಾರೊಬ್ಬರ ಸ್ವತ್ತೂ ಅಲ್ಲ, ಊರೂರಿನ ಭಜನಾ ಮಂಡಳಿಗಳ ಬಾಯಲ್ಲಿ ಉಳಿದು ಬಂದಂಥವು. ಎಲ್ಲರದೂ ಆದ ಪದವನ್ನು ಹಾಡಿ ಮಾಡಿದ ಧ್ವನಿಮುದ್ರಣ ಒಂದು ಕಂಪನಿಯ ಸ್ವತ್ತಾಗುವುದು ಹೇಗೆ, ಹಾಗಾದಾಗ ಹಾಡಿದವರ ಪಾಲಿಗೆ ಏನು ಉಳಿಯುತ್ತದೆ ಎಂಬುದನ್ನು ಬಿಡಿಸಿಕೊಳ್ಳದೆ ಕನ್ನಡದ ಬ್ಯಾಂಡುಗಳ ಭವಿಷ್ಯವನ್ನು ಚರ್ಚಿಸುವುದು ಸಾಧ್ಯವಿಲ್ಲ.

ಗದಗ ತಾಲ್ಲೂಕಿನ ಅಸುಂಡಿಯಂಥ ಊರಿಗೆ ಇದು ಬೆಂಗಳೂರಿನ ದೂರದ ಸುದ್ದಿಯೇನೂ ಅಲ್ಲ. ಲಕ್ಷ್ಮೇಶ್ವರದಿಂದ ಹೆಚ್ಚು ದೂರವಿಲ್ಲದ, ಈಗ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಸೇರಿದ ಶಿಶುನಾಳದಲ್ಲಿ ಬಾಳಿದ ಸಂತ ಶರೀಫರ (1819–1889) ಪದಗಳು ಶಿರಹಟ್ಟಿ, ಮುಂಡರಗಿ, ಗದಗ–ಬೆಟಗೇರಿಗಳ ಭಜನೆಗಳಲ್ಲಿ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂಗಳ ಜೊತೆ ತಲೆಮಾರುಗಳಿಂದ ನಡೆದುಬಂದಿವೆ. ಅವೇ ಪದಗಳು ಗಿಟಾರ್ ಮತ್ತು ಡ್ರಮ್ಸ್ ಜೊತೆ ಸೇರಿ ದೇಶದ ಹೊರಗೂ ಕೇಳಿಬಂದದ್ದು ಮೈಸೂರಿನಿಂದ ಬಂದ ರಘು ದೀಕ್ಷಿತ್ ಮತ್ತು ಅವರ ತಂಡದಿಂದ. ಹಲವು ಕಂಪನಿಗಳ ನಿರಾಕರಣೆಯನ್ನು ಕಂಡ ಮೇಲೆ, 2008ರಲ್ಲಿ, ಅವರ ಮೊದಲ ಸಂಕಲನವನ್ನು ಹೊರತಂದದ್ದು ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್ ದದ್ಲಾನಿ ಮತ್ತು ಶೇಖರ್ ರವ್ಜಿಯಾನಿ ಮುಂಬಯಿಯಲ್ಲಿ ಕಟ್ಟಿದ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಎಂಬ ಸಣ್ಣ ಸಂಸ್ಥೆ. ಹಿಂದಿ ಮತ್ತು ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ತತ್ವಪದಗಳನ್ನೂ ಇಟ್ಟುಕೊಂಡಿದ್ದ ಆ ಸಂಕಲನದ ಬಲದಿಂದ ತಂಡವು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ವೇದಿಕೆಯನ್ನು ಏರಿತು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ತಂಡಗಳಿಗೆಂದು ಕೊಡುವ ಪ್ರಶಸ್ತಿಯನ್ನು ಪಡೆಯಿತು. ಇಷ್ಟೆಲ್ಲ ಆದ ಮೇಲೂ ಎರಡನೆಯ ಸಂಕಲನವಾದ ‘ಜಗ್ ಚಂಗಾ’ ಬಂದದ್ದು 2013ರಲ್ಲಿ, ಮೊದಲನೆಯದು ಬಂದ ಐದು ವರ್ಷಗಳ ನಂತರ. ಸಿನಿಮಾ ಹಾಡಿನ ಆಸರೆಯಿಲ್ಲದ ಭಾರತೀಯ ಬ್ಯಾಂಡುಗಳಲ್ಲಿ ಇಂಥ ದೀರ್ಘ ಅಂತರಗಳು ಅಪರೂಪವಲ್ಲ. ಅವಕ್ಕೆ ಕಲಾವಿದರ ಸೋಮಾರಿತನವನ್ನು ಕಾರಣವಾಗಿ ಹೇಳುವವರು ಈ ಉದ್ಯಮದ ಲೆಕ್ಕವನ್ನು ನೋಡಿರಲಾರರು.

ಆ ಲೆಕ್ಕದ ಮೊದಲ ಪದ ಲೇಬಲ್. ಹಳೆಯ ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸುತ್ತಿದ್ದ ದುಂಡನೆಯ ಕಾಗದದಿಂದ ಬಂದ ಈ ಹೆಸರು ಕ್ರಮೇಣ ಆ ತಟ್ಟೆಯನ್ನು ಹೊರಡಿಸುವ ಸಂಸ್ಥೆಗೇ ನಿಂತಿತು. ಕರ್ನಾಟಕದ ಬಳಕೆಯಲ್ಲಿ ಅದಕ್ಕೆ ಆಡಿಯೋ ಕಂಪನಿ ಎನ್ನುವುದೇ ರೂಢಿ. ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಭಾವನೆ ಮತ್ತು ಪ್ರಚಾರದ ಖರ್ಚನ್ನು ಹೂಡುವುದು, ಧ್ವನಿಮುದ್ರಿಕೆಯನ್ನು ಅಂಗಡಿಗಳಿಗೂ ಆಕಾಶವಾಣಿಗೂ ಈಗ ಅಂತರಜಾಲದ ವೇದಿಕೆಗಳಿಗೂ ಮುಟ್ಟಿಸುವುದು, ಬಂದ ಹಣವನ್ನು ಹಂಚುವುದು ಅದರ ಕೆಲಸ. ಇದಕ್ಕೆ ಪ್ರತಿಯಾಗಿ ಕಂಪನಿ ಪಡೆಯುವುದು ಸಾಮಾನ್ಯವಾಗಿ ಎರಡು ಹಕ್ಕುಗಳನ್ನು. ಒಂದು, ಮಾಸ್ಟರ್ ಎಂದು ಕರೆಯುವ ಮೂಲ ಧ್ವನಿಮುದ್ರಣದ ಒಡೆತನ. ಎಷ್ಟೇ ಪ್ರತಿಗಳಾದರೂ, ಯಾವುದೇ ರೂಪದಲ್ಲಿ ಮಾರಾಟವಾದರೂ ಎಲ್ಲವೂ ಹುಟ್ಟುವುದು ಈ ಮೂಲದಿಂದ. ಇನ್ನೊಂದು ಆಯ್ಕೆಯ ಹಕ್ಕು: ಮುಂದಿನ ಎರಡು, ಮೂರು ಅಥವಾ ಐದು ಸಂಕಲನಗಳನ್ನು ತಾನೇ ಹೊರತರಬಹುದು ಎಂಬ ಷರತ್ತು. ಈ ಆಯ್ಕೆ ಇರುವುದು ಕಂಪನಿಯ ಕಡೆಗೆ ಮಾತ್ರ. ತಂಡವು ಹಾಡಲು ಬದ್ಧ, ಆದರೆ ಕಂಪನಿ ಹೊರತರಲು ಬದ್ಧವಲ್ಲ. ಬ್ಯಾಂಡಿನ ಭವಿಷ್ಯ ತೂಗುಯ್ಯಾಲೆಯಲ್ಲಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅದರ ಹಿಂದೆ ಬಹುಪಾಲು ಇರುವುದು ಈ ಏಕಮುಖ ಷರತ್ತೇ.

ಈ ಅಸಮತೆ ರಾಕ್ ಸಂಗೀತದ ಜೊತೆಗೆ ಬಂದದ್ದಲ್ಲ. ಉತ್ತರ ಕರ್ನಾಟಕದ ಗಾಯಕರು ಅದನ್ನು ಗ್ರಾಮಫೋನಿನ ಕಾಲದಿಂದಲೇ ಬಲ್ಲರು. 1902ರಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಮೊದಲಾದವರ ಕಂಠವನ್ನು ಮುದ್ರಿಸಿಕೊಂಡ ಮೇಲೆ, ಅದೇ ಕಂಪನಿಯ ಎಚ್‌ಎಂವಿ ಮುದ್ರೆ ದೇಶದ ಮೂಲೆಮೂಲೆಯ ಗಾಯಕರನ್ನು ಹುಡುಕಿಕೊಂಡು ಹೊರಟಿತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಹೊರಬಂದದ್ದು ಅವರು ಮುಂದೆ ಪ್ರಸಿದ್ಧರಾದ ಹೆಸರಿನಲ್ಲಲ್ಲ, ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ. ಮುಂದೆ ಹಿಂದುಸ್ತಾನಿ ಸಂಗೀತದ ಅತಿ ದೊಡ್ಡ ಹೆಸರುಗಳಲ್ಲಿ ಒಂದಾದ ಗಾಯಕಿಯನ್ನು ಯಾವ ಹೆಸರಿನಿಂದ ಕರೆದರೆ ತಟ್ಟೆ ಮಾರಾಟವಾಗುತ್ತದೆ ಎಂಬ ತೀರ್ಮಾನ ಆಗ ಮಾರುವವರ ಕೈಯಲ್ಲಿತ್ತು. ಹಾಗೆಂದು ಆ ತಟ್ಟೆಗಳ ಉಪಕಾರವನ್ನು ಮರೆಯುವುದೂ ಸಲ್ಲ. ಗದಗಿನ ಪರಿಸರದಲ್ಲಿ ಬೆಳೆದ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿ ಮರುಳಾಗಿ, ಹನ್ನೊಂದನೆಯ ವಯಸ್ಸಿಗೆ ಗುರುವನ್ನರಸಿ ಮನೆ ಬಿಟ್ಟು ಹೋದದ್ದು ಸಂಗೀತ ಚರಿತ್ರೆಯ ಭಾಗವಾಗಿದೆ. ಧ್ವನಿಮುದ್ರಿಕೆ ಊರಿಗೆ ಬಂದದ್ದರಿಂದ ಗಾಯಕ ಹುಟ್ಟಿದ. ಆ ಗಾಯಕನ ಧ್ವನಿ ಮತ್ತೆ ಕಂಪನಿಯ ಸ್ವತ್ತಾಯಿತು. ಎರಡೂ ಸತ್ಯ, ಮತ್ತು ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಈ ವಿಷಯದಲ್ಲಿ ನ್ಯಾಯವಾದ ಮಾತನ್ನು ಆಡಲಾಗದು.

ಎಚ್‌ಎಂವಿ ತಟ್ಟೆಗಳ ಒಡೆಯರಾದ ಬ್ರಿಟನ್ನಿನ ಗ್ರಾಮಫೋನ್ ಕಂಪನಿ 1931ರಲ್ಲಿ ಕೊಲಂಬಿಯಾ ಸಂಸ್ಥೆಯ ಜೊತೆ ಸೇರಿ ಇಎಂಐ ಎಂಬ ದೈತ್ಯ ಸಂಸ್ಥೆಯಾಯಿತು. ಅದರ ಭಾರತೀಯ ಶಾಖೆ 1980ರ ದಶಕದಲ್ಲಿ ಆರ್‌ಪಿಜಿ ಸಮೂಹದ ಕೈಸೇರಿ ಈಗ ಸರೆಗಮ ಎಂದು ಕರೆಸಿಕೊಳ್ಳುತ್ತಿದೆ. ಗಂಗೂಬಾಯಿಯವರು ಎಚ್‌ಎಂವಿಗೆ ಹಾಡಿದ ತಟ್ಟೆಗಳ ಹಕ್ಕು ಹೀಗೆ ಹಾಡಿದವರ ಅಪ್ಪಣೆಯ ಅಗತ್ಯವೇ ಇಲ್ಲದೆ ಒಂದು ಒಡೆತನದಿಂದ ಇನ್ನೊಂದಕ್ಕೆ ದಾಟುವಂಥದಾಗಿತ್ತು. ಇಎಂಐ ಮುಂದೆ ವರ್ಜಿನ್ ಎಂಬ ತನ್ನ ಇನ್ನೊಂದು ಮುದ್ರೆಯೊಡನೆ ಭಾರತಕ್ಕೆ ಮರಳಿತು. ಬೆಂಗಳೂರಿನ ಜಾನಪದ ರಾಕ್ ತಂಡ ಸ್ವರಾತ್ಮದ ಮೊದಲ ಸಂಕಲನ 2009ರಲ್ಲಿ ಬಂದದ್ದು ಆ ಮುದ್ರೆಯಡಿ. ವಾಸು ದೀಕ್ಷಿತ್ ಹಾಡುಗಾರರಾಗಿರುವ, ಕನ್ನಡ ಮತ್ತು ಹಿಂದಿ ಎರಡರಲ್ಲೂ ಹಾಡುವ ಈ ತಂಡಕ್ಕೆ ಬೀಟಲ್ಸರ ಧ್ವನಿಮುದ್ರಿಕೆಗಳನ್ನು ಹೊರತಂದ ಸಂಸ್ಥೆಯ ನೆರಳು ಸಿಕ್ಕಿದ್ದು ಅಂದಿಗೆ ದೊಡ್ಡ ಮಾತಾಗಿತ್ತು. ಕನ್ನಡದಲ್ಲಿ ಹಾಡುವ ಬ್ಯಾಂಡೊಂದು ಬಹುರಾಷ್ಟ್ರೀಯ ಲೇಬಲ್ಲಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಆಗ ಹೆಚ್ಚುಕಡಿಮೆ ಕೇಳರಿಯದ ಸಂಗತಿ.

ಆದರೆ ಆ ನೆರಳು ಕೊಟ್ಟ ಮರವೇ ಅಲುಗಾಡುತ್ತಿತ್ತು. 2007ರಲ್ಲಿ ಟೆರಾ ಫರ್ಮಾ ಎಂಬ ಹೂಡಿಕೆ ಸಂಸ್ಥೆ ಇಎಂಐಯನ್ನು 420 ಕೋಟಿ ಪೌಂಡುಗಳಿಗೆ ಕೊಂಡಿತ್ತು. ಆ ಹಣದಲ್ಲಿ ದೊಡ್ಡ ಪಾಲು ಸಿಟಿಗ್ರೂಪ್ ಬ್ಯಾಂಕಿನಿಂದ ತಂದ ಸಾಲ. ಸಂಗೀತದ ವ್ಯವಹಾರ ಗೊತ್ತಿಲ್ಲದ ಹೊಸ ಒಡೆಯರ ಮೇಲೆ ಭರವಸೆಯಿಡದೆ ರೇಡಿಯೋಹೆಡ್, ರೋಲಿಂಗ್ ಸ್ಟೋನ್ಸ್‌ನಂಥ ತಂಡಗಳು ಒಂದೊಂದಾಗಿ ಹೊರನಡೆದವು. ಕರಾರು ಮುಗಿದಿದ್ದವರಿಗೆ ಮಾತ್ರ ಹಾಗೆ ಹೊರನಡೆಯುವ ಭಾಗ್ಯವಿತ್ತು. ಸಾಲ ತೀರದೆ 2011ರ ಫೆಬ್ರವರಿಯಲ್ಲಿ ಕಂಪನಿ ಬ್ಯಾಂಕಿನ ವಶವಾಯಿತು. 2012ರಲ್ಲಿ ಅದರ ಧ್ವನಿಮುದ್ರಣ ವಿಭಾಗವನ್ನು ಯೂನಿವರ್ಸಲ್ ಕೊಂಡಿತು, ಮತ್ತು ಯುರೋಪಿನ ಸ್ಪರ್ಧಾ ನಿಯಂತ್ರಕರ ಷರತ್ತಿನಂತೆ ಅದರಲ್ಲೇ ಒಂದು ಪಾಲನ್ನು ಮಾರಬೇಕಾಗಿ ಬಂದು, 2013ರಲ್ಲಿ ಅದು ವಾರ್ನರ್ ಸಂಸ್ಥೆಗೆ ಹೋಯಿತು. ಎಂಟು ದಶಕಗಳ ಸಂಸ್ಥೆ ಹೀಗೆ ಹೋಳಾದ ವರ್ಷವೇ, ಅಂದರೆ 2012ರಲ್ಲಿ, ಸ್ವರಾತ್ಮದ ಎರಡನೆಯ ಸಂಕಲನ ‘ಟೋಪಿವಾಲೆ’ ಬಂದಿತ್ತು. ಮೂರನೆಯದಾದ ‘ರಾಹ್-ಎ-ಫಕೀರಾ’ಕ್ಕೆ 2018ರವರೆಗೆ ಕಾಯಬೇಕಾಯಿತು.

ಕಂಪನಿ ಕೈಬದಲಾದಾಗ ಬ್ಯಾಂಡಿಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕರಾರು ರದ್ದಾಗುವುದಿಲ್ಲ, ಮೇಜು, ಕುರ್ಚಿ, ಕಟ್ಟಡಗಳಂತೆ ಅದೂ ಕಂಪನಿಯ ಆಸ್ತಿಯ ಪಟ್ಟಿಯಲ್ಲಿ ಹೊಸ ಒಡೆಯರಿಗೆ ಸೇರುತ್ತದೆ. ತಂಡವನ್ನು ಮೆಚ್ಚಿ ತಂದವರು, ಅದರ ಹಾಡಿನಲ್ಲಿ ನಂಬಿಕೆಯಿಟ್ಟು ಪ್ರಚಾರಕ್ಕೆ ಹಣ ಕೇಳುತ್ತಿದ್ದವರು ಕೆಲಸ ಕಳೆದುಕೊಂಡಿರುತ್ತಾರೆ. ಅವರ ಜಾಗಕ್ಕೆ ಬಂದವರಿಗೆ ಈ ತಂಡ ಪಟ್ಟಿಯಲ್ಲಿನ ಒಂದು ಹೆಸರು ಮಾತ್ರ. ಅವರು ತಂಡವನ್ನು ಬಿಡುಗಡೆ ಮಾಡುವುದಿಲ್ಲ, ಏಕೆಂದರೆ ನಾಳೆ ಅದು ಗೆದ್ದರೆ ಬಿಟ್ಟವರೆಂಬ ಹೊಣೆ ತಮ್ಮ ತಲೆಗೆ ಬರುತ್ತದೆ. ಹೊಸ ಸಂಕಲನಕ್ಕೆ ಹಣ ಕೊಡುವುದೂ ಇಲ್ಲ, ಏಕೆಂದರೆ ಅದು ಸೋತರೆ ಆ ಹೊಣೆಯೂ ತಮ್ಮದೇ. ಈ ಎರಡು ಅಂಜಿಕೆಗಳ ನಡುವೆ ತಂಡದ ಯೌವನ ಕಳೆಯುತ್ತದೆ. ಇದನ್ನು ತಡೆಯಲು ಪಾಶ್ಚಾತ್ಯ ಕರಾರುಗಳಲ್ಲಿ ಒಂದು ಷರತ್ತನ್ನು ಸೇರಿಸುವುದುಂಟು: ತಂಡವನ್ನು ಕರೆತಂದ ನಿರ್ದಿಷ್ಟ ಅಧಿಕಾರಿ ಕಂಪನಿ ಬಿಟ್ಟರೆ ತಂಡಕ್ಕೂ ಹೊರಹೋಗುವ ಹಕ್ಕು ಇರುತ್ತದೆ. ಬೇಡಿಕೆಯುಳ್ಳ ತಂಡಗಳು ಮಾತ್ರ ಅದನ್ನು ಕೇಳಿ ಪಡೆಯಬಲ್ಲವು.

ಹಣದ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಸಂಕಲನವೊಂದಕ್ಕೆ ಕಂಪನಿ ಮುಂಗಡವೂ ಸ್ಟುಡಿಯೋ ಖರ್ಚೂ ಸೇರಿ 8 ಲಕ್ಷ ರೂಪಾಯಿ ಹಾಕಿದೆ, ತಂಡಕ್ಕೆ ಆದಾಯದ ಮೇಲೆ ನೂರಕ್ಕೆ 10ರಂತೆ ರಾಯಧನ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ರಾಯಧನವೆಂದರೆ ಗಳಿಕೆಯಲ್ಲಿ ಕಲಾವಿದರಿಗೆ ಸಲ್ಲುವ ಪಾಲು. ಆದರೆ ಕಂಪನಿ ಹಾಕಿದ 8 ಲಕ್ಷ ವಸೂಲಾಗುವುದು ಒಟ್ಟು ಆದಾಯದಿಂದಲ್ಲ, ತಂಡದ ಆ 10ರ ಪಾಲಿನಿಂದ. ಸಂಕಲನ 40 ಲಕ್ಷ ತಂದರೆ ತಂಡದ ಪಾಲು 4 ಲಕ್ಷವಾಗುತ್ತದೆ. ಅದು ಪೂರ್ತಿಯಾಗಿ ವಸೂಲಿಗೆ ಹೋಗಿ, ತಂಡದ ಖಾತೆಯಲ್ಲಿ ಇನ್ನೂ 4 ಲಕ್ಷ ಬಾಕಿ ಇದೆಯೆಂದು ಬರೆಯಲಾಗುತ್ತದೆ. ಆ ಹೊತ್ತಿಗೆ ಕಂಪನಿಯ ಪೆಟ್ಟಿಗೆಗೆ, ಹಾಕಿದ ಬಂಡವಾಳದ ಐದು ಪಟ್ಟು ಹಣ ಬಂದಾಗಿದೆ. ತಂಡದ ಕೈಗೆ ಮೊದಲ ರೂಪಾಯಿ ಬರಬೇಕಾದರೆ ಒಟ್ಟು ಆದಾಯ 80 ಲಕ್ಷವನ್ನು ದಾಟಬೇಕು. ಜನಪ್ರಿಯ ಬ್ಯಾಂಡುಗಳೂ ತಮ್ಮ ಕಂಪನಿಗೆ ಸಾಲಗಾರರಾಗಿ ಉಳಿಯುವುದು ಈ ಗಣಿತದಿಂದ. ವಂಚನೆ ಇಲ್ಲದೆಯೂ, ಎಲ್ಲ ಲೆಕ್ಕ ಸರಿಯಿದ್ದೂ ಹೀಗಾಗುತ್ತದೆ ಎಂಬುದೇ ಇದರಲ್ಲಿನ ಗಂಭೀರ ಅಂಶ.

ಇದಕ್ಕಿಂತ ದೊಡ್ಡ ಪ್ರಶ್ನೆ ಮಾಸ್ಟರಿನದು. ಹೊಲವನ್ನು ಲಾವಣಿಗೆ ಕೊಡುವುದಕ್ಕೂ ಖರೀದಿಪತ್ರ ಬರೆದುಕೊಡುವುದಕ್ಕೂ ಇರುವ ಅಂತರವನ್ನು ಮುಂಡರಗಿಯ ರೈತನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ: ಲಾವಣಿಯಲ್ಲಿ ಬೆಳೆಯ ಪಾಲು ಯಾರಿಗೆ ಎಷ್ಟೇ ಹೋದರೂ ಗಡುವು ಮುಗಿದ ದಿನ ಹೊಲ ಮನೆಗೆ ಬರುತ್ತದೆ, ಉತಾರದಲ್ಲಿ ಹೆಸರು ಅಳಿಯುವುದಿಲ್ಲ. ಧ್ವನಿಮುದ್ರಣದಲ್ಲೂ ಈ ಎರಡು ದಾರಿಗಳಿವೆ. ಪರವಾನಗಿ ಕೊಡುವುದು ಲಾವಣಿ, ಹಕ್ಕು ವರ್ಗಾಯಿಸುವುದು ಖರೀದಿ. ಕನ್ನಡದ ಆಡಿಯೋ ವ್ಯವಹಾರ ಬಹುಕಾಲದಿಂದ ಎರಡನೆಯ ರೂಢಿಯ ಮೇಲೆ ನಿಂತಿದೆ. ಸಿನಿಮಾ ನಿರ್ಮಾಪಕರು ಚಿತ್ರದ ಆಡಿಯೋ ಹಕ್ಕನ್ನು ಇಡಿಗಂಟಿಗೆ ಮಾರುವ ಪದ್ಧತಿಯೇ, ಹೆಚ್ಚು ವಿಚಾರವಿಲ್ಲದೆ, ಭಾವಗೀತೆ, ಜಾನಪದ, ಬ್ಯಾಂಡುಗಳಿಗೂ ಹರಡಿತು. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಕೃತಿಸ್ವಾಮ್ಯ ಪ್ರಕಟಣೆಯಿಂದ 60 ವರ್ಷ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಬರೆದುಕೊಟ್ಟ ಸಹಿ ಎಂಬತ್ತೈದರವರೆಗೂ ಹಿಡಿದಿಡುತ್ತದೆ ಎಂಬುದು ಇದರ ಅರ್ಥ.

ಕಾನೂನು ಕಲಾವಿದರನ್ನು ಪೂರ್ತಿ ಕೈಬಿಟ್ಟಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ (ರಾಜ್ಯಸಭೆಯಲ್ಲಿ ಕವಿ ಜಾವೇದ್ ಅಖ್ತರ್ ಅದಕ್ಕಾಗಿ ಗಟ್ಟಿಯಾಗಿ ವಾದಿಸಿದ್ದರು) ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ ಸಲ್ಲುವ ರಾಯಧನದ ಹಕ್ಕನ್ನು ಬಿಟ್ಟುಕೊಡಲಾಗದ ಹಕ್ಕನ್ನಾಗಿ ಮಾಡಿತು. ಎಲ್ಲ ಹಕ್ಕುಗಳನ್ನೂ ಕಂಪನಿಗೆ ಬರೆದುಕೊಟ್ಟಿದ್ದರೂ ಹಾಡಿನ ಬಳಕೆಯಿಂದ ಬರುವ ರಾಯಧನದಲ್ಲಿ ಅವರಿಗೆ ಸಮಪಾಲು ಸಲ್ಲಬೇಕು. ಹಾಡುಗಾರರಿಗೂ ವಾದ್ಯಗಾರರಿಗೂ ಪ್ರದರ್ಶಕರ ಹಕ್ಕು ಎಂಬ ಬೇರೊಂದು ಹಕ್ಕಿದ್ದು, ಅವರ ಪ್ರದರ್ಶನ ವಾಣಿಜ್ಯಕ್ಕೆ ಬಳಕೆಯಾದಾಗ ರಾಯಧನ ಕೇಳುವ ಅವಕಾಶವನ್ನು ಅದು ಕೊಡುತ್ತದೆ. ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದೇ ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಎಂದೂ, ಪತ್ರ ಬರೆದ ಕಾಲಕ್ಕೆ ಇಲ್ಲದಿದ್ದ ಮಾಧ್ಯಮಗಳಿಗೆ ಅವನ್ನು ಹೆಸರಿಸದ ಹೊರತು ಅದು ಅನ್ವಯಿಸುವುದಿಲ್ಲವೆಂದೂ ಕಾಯ್ದೆ ಹೇಳುತ್ತದೆ. ಇವೆಲ್ಲ ಒಳ್ಳೆಯ ರಕ್ಷಣೆಗಳೇ. ಆದರೆ ಅವಧಿ ಮತ್ತು ಪ್ರದೇಶದ ರಕ್ಷಣೆ ಪತ್ರ ಮೌನವಾಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಮತ್ತು ಕಂಪನಿಗಳ ಅಚ್ಚಾದ ನಮೂನೆಗಳು ಮೌನವಾಗಿರುವುದಿಲ್ಲ. ಸಮಸ್ತ ಜಗತ್ತು, ಸಮಸ್ತ ಅವಧಿ ಎಂದು ಮೊದಲ ಪುಟದಲ್ಲೇ ಬರೆದಿರುತ್ತವೆ.

ತತ್ವಪದ ಹಾಡುವ ತಂಡಗಳ ವಿಷಯದಲ್ಲಿ ಈ ರಕ್ಷಣೆ ಇನ್ನೂ ತೆಳುವಾಗುತ್ತದೆ. ಕವಿಯ ಮರಣದ 60 ವರ್ಷಗಳ ಬಳಿಕ ಸಾಹಿತ್ಯದ ಕೃತಿಸ್ವಾಮ್ಯ ಮುಗಿಯುವುದರಿಂದ ಶರೀಫರ ಪದಕ್ಕೆ ಯಾರೂ ರಾಯಧನ ಕೇಳುವಂತಿಲ್ಲ, ಯಾರೂ ಅಪ್ಪಣೆ ಪಡೆಯಬೇಕಾಗಿಲ್ಲ. ಅದು ಹಾಗೆಯೇ ಇರಬೇಕಾದದ್ದು. ಧಾಟಿಯೂ ಪರಂಪರೆಯಿಂದ ಬಂದದ್ದಾದರೆ ರಾಗ ಸಂಯೋಜಕರ ಪಾಲೂ ಇಲ್ಲ. ಆಗ ಹಣ ಹುಟ್ಟುವ ಜಾಗಗಳಲ್ಲಿ ಉಳಿಯುವುದು ಧ್ವನಿಮುದ್ರಣದ ಒಡೆತನ ಮತ್ತು ಪ್ರದರ್ಶಕರ ಹಕ್ಕು ಎರಡೇ. ಸ್ವಂತ ಸಾಹಿತ್ಯ ಬರೆಯುವ ರಾಕ್ ತಂಡ ಮಾಸ್ಟರನ್ನು ಕಳೆದುಕೊಂಡರೂ ಕವಿಯಾಗಿ, ಸಂಯೋಜಕರಾಗಿ ಒಂದಿಷ್ಟನ್ನು ಉಳಿಸಿಕೊಳ್ಳುತ್ತದೆ. ತತ್ವಪದವನ್ನೇ ನೆಚ್ಚಿದ ತಂಡ ಮಾಸ್ಟರನ್ನು ಕೊಟ್ಟರೆ ಹೆಚ್ಚುಕಡಿಮೆ ಎಲ್ಲವನ್ನೂ ಕೊಟ್ಟಂತೆ. ಉತ್ತರ ಕರ್ನಾಟಕದ ಹಾಡುಗಾರರು ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದ ಕರಾರನ್ನು ಓದಬೇಕಾಗಿರುವುದಕ್ಕೆ ಇದು ಕಾರಣ.

ಇಲ್ಲಿಯೇ ಕಾಯ್ದೆಯ ಒಂದು ವ್ಯಾಖ್ಯೆ ತಂಡಗಳ ಕೈ ಹಿಡಿಯುತ್ತದೆ. ಧ್ವನಿಮುದ್ರಣದ ಮೊದಲ ಒಡೆಯ ಹಾಡಿದವರಲ್ಲ, ಅದರ ನಿರ್ಮಾಪಕ. ನಿರ್ಮಾಪಕನೆಂದರೆ ಆ ಮುದ್ರಣವನ್ನು ಮಾಡಲು ಮುಂದಾಗಿ ಹೊಣೆ ಹೊತ್ತ ವ್ಯಕ್ತಿ. ಸ್ಟುಡಿಯೋವನ್ನು ಗೊತ್ತುಮಾಡಿ ಬಾಡಿಗೆ ಕೊಟ್ಟು ಹೊಣೆ ಹೊತ್ತವರು ತಂಡದವರೇ ಆಗಿದ್ದರೆ ಮೊದಲ ಒಡೆತನ ತಂಡದ್ದು. ಆಗ ಅವರು ಕಂಪನಿಯ ಮುಂದೆ ಕೇವಲ ಹಾಡುಗಾರರಾಗಿ ನಿಲ್ಲುವುದಿಲ್ಲ, ಸ್ವತ್ತಿನ ಒಡೆಯರಾಗಿ ನಿಲ್ಲುತ್ತಾರೆ. ಮೂರೋ ಐದೋ ವರ್ಷದ ಪರವಾನಗಿ ಕೊಟ್ಟು, ಗಡುವಿನ ಬಳಿಕ ಮಾಸ್ಟರನ್ನು ಮರಳಿ ಪಡೆಯುವ ಮಾತನ್ನು ಆಡಬಲ್ಲವರಾಗುತ್ತಾರೆ. ಹಿಂದೆ ಸ್ಟುಡಿಯೋ ಎಂದರೆ ಬೆಂಗಳೂರು ಅಥವಾ ಮದ್ರಾಸು, ಅದರ ಖರ್ಚು ಸಣ್ಣ ತಂಡಕ್ಕೆ ಎಟುಕುತ್ತಿರಲಿಲ್ಲ. ಈಗ ಒಂದು ಕಂಪ್ಯೂಟರ್, ಒಳ್ಳೆಯ ಮೈಕು, ಸದ್ದು ತಡೆದ ಕೋಣೆ ಇದ್ದರೆ ಜಿಲ್ಲಾ ಕೇಂದ್ರಗಳಲ್ಲೂ ಬಿಡುಗಡೆಗೆ ಯೋಗ್ಯವಾದ ಮುದ್ರಣ ಸಾಧ್ಯವಾಗಿರುವುದರಿಂದ ಈ ವ್ಯಾಖ್ಯೆಯ ಬೆಲೆ ಹೆಚ್ಚಿದೆ.

ಕರಾರಿನಲ್ಲಿ ಸಿಕ್ಕಿಕೊಂಡ ತಂಡಕ್ಕೆ ಬಿಡುಗಡೆಯ ದಾರಿ ಯಾವುದು ಎಂಬುದು ಮುಂದಿನ ಪ್ರಶ್ನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈಯಕ್ತಿಕ ಸೇವೆಯ ಕರಾರು ಏಳು ವರ್ಷ ಮೀರಿ ಯಾರನ್ನೂ ಕಟ್ಟಿಹಾಕದು ಎಂಬ ಕಾನೂನಿದೆ. ಅದನ್ನೇ ಮುಂದಿಟ್ಟು ‘ಥರ್ಟಿ ಸೆಕೆಂಡ್ಸ್ ಟು ಮಾರ್ಸ್’ ಎಂಬ ರಾಕ್ ತಂಡ ಇಎಂಐ ಸಮೂಹದ ವರ್ಜಿನ್‌ನಿಂದ ಹೊರಬರಲು ನೋಡಿದಾಗ, 2008ರಲ್ಲಿ ಕಂಪನಿ ಕರಾರಿನಂತೆ ಸಂಕಲನ ಒಪ್ಪಿಸಲಿಲ್ಲವೆಂದು 3 ಕೋಟಿ ಡಾಲರಿನ ದಾವೆ ಹೂಡಿತು. ಮರುವರ್ಷ ರಾಜಿಯಾಗಿ ತಂಡ ಅದೇ ಕಂಪನಿಯಲ್ಲಿ ಹೊಸ ಕರಾರಿನ ಮೇಲೆ ಉಳಿಯಿತು. ಭಾರತದಲ್ಲಿ ಹೀಗೆ ಏಳು ವರ್ಷದ ಗಡಿಯಿಲ್ಲ. ಯಾರನ್ನೂ ಬಲವಂತವಾಗಿ ಹಾಡಿಸುವ ಆಜ್ಞೆಯನ್ನು ಇಲ್ಲಿನ ನ್ಯಾಯಾಲಯ ಕೊಡದು. ಆದರೆ ಕರಾರಿನ ಅವಧಿಯೊಳಗೆ ಬೇರೆಯವರಿಗೆ ಹಾಡಬಾರದು ಎಂಬ ತಡೆಯನ್ನು ಕೊಡಬಲ್ಲದು, ಮತ್ತು ಹಾಡಿಯೇ ಬದುಕುವ ತಂಡಕ್ಕೆ ಎರಡರ ಪರಿಣಾಮ ಒಂದೇ. ಅವಧಿ ಮುಗಿದ ಮೇಲಿನ ಮಾತು ಬೇರೆ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿಮಾರ್ಕ್ ಸಂಸ್ಥೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ಕರಾರು ಮುಗಿದ ಬಳಿಕವೂ ಆಟಗಾರನನ್ನು ಹಿಡಿದಿಡುವ ಷರತ್ತು 1872ರ ಕರಾರು ಕಾಯ್ದೆಯ 27ನೆಯ ಕಲಮಿಗೆ ವಿರುದ್ಧವೆಂಬ ನಿಲುವನ್ನು ತಳೆಯಿತು. ಸಂಗೀತ ತಂಡಗಳಿಗೂ ಆ ತರ್ಕ ಒದಗಬಲ್ಲದು.

ಒಡೆತನ ಯಾರದೆಂಬುದು ಬ್ಯಾಂಡಿನ ದನಿಯನ್ನೇ ಹೇಗೆ ಇಬ್ಭಾಗಿಸುತ್ತದೆ ಎಂಬುದಕ್ಕೆ ಕನ್ನಡಿಗರೆಲ್ಲರೂ ಕೇಳಿದ ಪ್ರಕರಣವೊಂದಿದೆ. 2022ರ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆಂದು ಕೇರಳದ ರಾಕ್ ತಂಡ ಥೈಕ್ಕುಡಂ ಬ್ರಿಡ್ಜ್ ನ್ಯಾಯಾಲಯಕ್ಕೆ ಹೋಯಿತು. ಆ ಹಾಡಿನ ಹಕ್ಕನ್ನು ಹೊಂದಿದ್ದ ಮಾತೃಭೂಮಿ ಸಂಸ್ಥೆ ಪ್ರತ್ಯೇಕವಾಗಿ ದಾವೆ ಹೂಡಿತು. ಹೋಲಿಕೆ ಇದೆಯೇ ಇಲ್ಲವೇ ಎಂಬ ವಾದವನ್ನು ಬದಿಗಿಟ್ಟು ನೋಡಿದರೆ ಗಮನಿಸಬೇಕಾದದ್ದು ಈ ಎರಡು ದಾವೆಗಳನ್ನು. ಹಾಡು ಕಟ್ಟಿದವರು ಒಬ್ಬರು, ಹಕ್ಕು ಇರುವುದು ಇನ್ನೊಬ್ಬರಲ್ಲಿ ಎಂದಾದಾಗ ಅನ್ಯಾಯವಾಯಿತೆಂದು ಹೇಳಲೂ ಎರಡು ಬಾಯಿ ಬೇಕಾಗುತ್ತವೆ, ಮತ್ತು ರಾಜಿಯ ಮಾತು ಬಂದಾಗ ಯಾವ ಬಾಯಿಯ ಮಾತು ನಡೆಯುತ್ತದೆ ಎಂಬುದನ್ನು ಕರಾರು ಮೊದಲೇ ತೀರ್ಮಾನಿಸಿರುತ್ತದೆ.

ಕಂಪನಿಯನ್ನೇ ಬಿಟ್ಟು ನಡೆದ ತಂಡಗಳೂ ಇವೆ. 1996ರಲ್ಲಿ ಹುಟ್ಟಿದ ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತನ್ನ ಸಂಕಲನಗಳನ್ನು ಬಹುಪಾಲು ತಾನೇ ಹೊರತಂದಿತು. ದಿಲ್ಲಿಯ ‘ಇಂಡಿಯನ್ ಓಷನ್’ ಎಚ್‌ಎಂವಿ, ಟೈಮ್ಸ್ ಮ್ಯೂಸಿಕ್ ಮೊದಲಾದ ಕಂಪನಿಗಳ ಅನುಭವ ಪಡೆದ ಬಳಿಕ 2010ರಲ್ಲಿ ‘16/330 ಖಜೂರ್ ರೋಡ್’ ಸಂಕಲನದ ಹಾಡುಗಳನ್ನು ತಿಂಗಳಿಗೊಂದರಂತೆ ಉಚಿತವಾಗಿ ಕೇಳುಗರಿಗೆ ಕೊಟ್ಟಿತು. ಕಛೇರಿಗಳ ಸಂಭಾವನೆಯಿಂದ ಬದುಕು ನಡೆಯುತ್ತದೆ, ಧ್ವನಿಮುದ್ರಿಕೆ ಜನರನ್ನು ಕಛೇರಿಗೆ ಕರೆತರಲಿ ಎಂಬುದು ಇಂಥ ತಂಡಗಳ ಲೆಕ್ಕ. ಹೆಸರು ಮಾಡಿದ ತಂಡಕ್ಕೆ ಇದು ನಡೆಯುತ್ತದೆ. ಕಛೇರಿಗೆ ಟಿಕೆಟು ಕೊಂಡು ಬರುವ ಪದ್ಧತಿಯೇ ಗಟ್ಟಿಯಾಗಿಲ್ಲದ, ಜಾತ್ರೆ ಮತ್ತು ಉತ್ಸವ ಸಮಿತಿಗಳ ಆಹ್ವಾನವನ್ನೇ ನೆಚ್ಚಬೇಕಾದ ಗದಗ ಸೀಮೆಯ ತಂಡಕ್ಕೆ ಅದೇ ಸೂತ್ರವನ್ನು ಬೋಧಿಸುವುದು ಸರಿಯಾಗಲಾರದು.

ಆಡಿಯೋ ಕಂಪನಿಗಳಿಂದ ಕನ್ನಡಕ್ಕೆ ಆದ ಲಾಭವೂ ಕಣ್ಣೆದುರಿಗಿದೆ. ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡದ ಕಾವ್ಯವನ್ನು ಕ್ಯಾಸೆಟ್ಟಿಗೆ ತಂದಿತು; ಸಿ. ಅಶ್ವತ್ಥ್ ಹಾಡಿದ ಶರೀಫರ ಪದಗಳು, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಬಳಿಕವಂತೂ, ಅವನ್ನು ಭಜನೆಯಲ್ಲಿ ಎಂದೂ ಕೇಳದಿದ್ದ ಹಳೆ ಮೈಸೂರಿನ ಮನೆಗಳನ್ನೂ ಹೊಕ್ಕವು. ಊರೂರಿನ ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಗೆ ಆ ಹಾಡುಗಳನ್ನು ಮುಟ್ಟಿಸುವ ಜಾಲವನ್ನು ಯಾವ ಹಾಡುಗಾರರೂ ಒಬ್ಬರೇ ಕಟ್ಟಲಾಗುತ್ತಿರಲಿಲ್ಲ. ಹಣ ಹೂಡಿ ಕಳೆದುಕೊಂಡ ಕಂಪನಿಗಳೂ ಬಹಳ. ಆದ್ದರಿಂದ ಕಂಪನಿ ಲಾಭ ಪಡೆಯಬಾರದೆಂಬ ವಾದದಲ್ಲಿ ಹುರುಳಿಲ್ಲ. ಆದರೆ ಆ ಸಾಗಣೆಯ ಕೂಲಿಗೆ ಪ್ರತಿಯಾಗಿ ಅರವತ್ತು ವರ್ಷದ ಒಡೆತನ ಸಲ್ಲಬೇಕೇ ಎಂಬ ಪ್ರಶ್ನೆಗೆ, ಅಂಗಡಿಯೂ ಲಾರಿಯೂ ಬೇಕಿಲ್ಲದ ಈ ಕಾಲದಲ್ಲಿ, ಹೌದೆನ್ನುವುದು ಕಷ್ಟ.

ಈಗ ಉತ್ತರ ಕರ್ನಾಟಕದ ಜಾನಪದ ಹಾಡುಗಾರರಲ್ಲಿ ಅನೇಕರು ಸ್ವಂತ ಯೂಟ್ಯೂಬ್ ಚಾನೆಲ್ಲುಗಳಲ್ಲಿ ಹಾಡು ಹಾಕುತ್ತಾರೆ. ಅಲ್ಲಿಯೂ ಒಡೆತನದ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಕಂಪನಿಗಳು ತಮ್ಮ ಧ್ವನಿಮುದ್ರಣಗಳ ಗುರುತನ್ನು ಆ ವೇದಿಕೆಯ ಯಂತ್ರಕ್ಕೆ ಒಪ್ಪಿಸಿರುತ್ತವೆ. ಯಂತ್ರ ಹೊಸದಾಗಿ ಬಂದ ಪ್ರತಿಯೊಂದು ಹಾಡನ್ನೂ ಅವುಗಳ ಜೊತೆ ಹೋಲಿಸಿ, ಹೊಂದಿಕೆ ಕಂಡರೆ ಕ್ಲೇಮ್ ಹಾಕುತ್ತದೆ, ಆಗ ಆ ಹಾಡಿನ ಜಾಹೀರಾತಿನ ಹಣ ಕ್ಲೇಮು ಹಾಕಿದವರ ಕಡೆಗೆ ತಿರುಗಬಹುದು. ಒಂದೇ ಪದವನ್ನು ಒಂದೇ ಪರಂಪರೆಯ ಧಾಟಿಯಲ್ಲಿ ನೂರು ಮಂಡಳಿಗಳು ಹಾಡುವ ಸೀಮೆಯಲ್ಲಿ ಯಾರ ಮುದ್ರಣ ಯಾವುದೆಂದು ಯಂತ್ರ ತಪ್ಪು ತಿಳಿಯುವ ಸಂಭವವಿದೆ, ಮತ್ತು ತಪ್ಪಾದಾಗ ಆಕ್ಷೇಪ ಸಲ್ಲಿಸಿ ಕಾಯಬೇಕಾದವರು ಹಾಡಿದವರೇ. ಹಾಡನ್ನು ಎಲ್ಲ ವೇದಿಕೆಗಳಿಗೂ ಹಂಚಿಕೊಡುತ್ತೇವೆ ಎನ್ನುವ ವಿತರಣಾ ಸಂಸ್ಥೆಗಳ ಅಂತರಜಾಲದ ನಮೂನೆಯೂ ಒಂದು ಕರಾರೇ. ಮೊಬೈಲಿನಲ್ಲಿ ಒಪ್ಪಿಗೆ ಒತ್ತಿದರೂ ಸಹಿ ಹಾಕಿದಂತೆಯೇ.

ಅಸುಂಡಿಯ ಭಜನಾ ಮಂಡಳಿಯಾಗಲಿ, ಬೆಟಗೇರಿಯ ಹುಡುಗರು ಕಟ್ಟಿದ ಬ್ಯಾಂಡಾಗಲಿ ಸಹಿ ಹಾಕುವ ಮೊದಲು ನೋಡಬೇಕಾದದ್ದು ಬಹಳವೇನಿಲ್ಲ. ಸ್ಟುಡಿಯೋದ ಬಿಲ್ಲು ತಂಡದ ಹೆಸರಿನಲ್ಲಿದ್ದು, ಯಾರು ಯಾವ ವಾದ್ಯ ನುಡಿಸಿದರು, ಪಾಲು ಹೇಗೆ ಎಂಬುದು ತಂಡದೊಳಗೇ ಬರಹದಲ್ಲಿ ಇರಬೇಕು. ಎಷ್ಟೋ ತಂಡಗಳಲ್ಲಿ ಕಂಪನಿಯ ಜೊತೆಗಿನ ಜಗಳಕ್ಕಿಂತ ಮೊದಲು ಒಡೆಯುವುದು ತಂಡವೇ. ಹೊಸ ಧಾಟಿ ಕಟ್ಟಿದವರು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ಸಂಯೋಜಕರ ರಾಯಧನ ಅವರಿಗೆ ತಲುಪುವ ದಾರಿಯಾಗುತ್ತದೆ. ಕರಾರಿನಲ್ಲಿ ವರ್ಗಾವಣೆ ಎಂದಿದೆಯೋ ಪರವಾನಗಿ ಎಂದಿದೆಯೋ, ವರ್ಷಗಳ ಸಂಖ್ಯೆ ಇದೆಯೋ, ಕಂಪನಿ ಮಾರಾಟವಾದರೆ ತಂಡದ ಒಪ್ಪಿಗೆ ಬೇಕೆಂದಿದೆಯೋ ಎಂಬುದನ್ನು ಬೆರಳಿಟ್ಟು ಓದಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ 4ನೆಯ ಉಪಕಲಮನ್ನು ನೆನಪಿನಲ್ಲಿಡಬೇಕು: ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ಹಕ್ಕಿನ ಮಟ್ಟಿಗೆ ವರ್ಗಾವಣೆ ತಾನಾಗಿ ಬಿದ್ದುಹೋಗುತ್ತದೆ. ಮುದ್ರಿಸಿದ ಹಾಡನ್ನು ಕಪಾಟಿನಲ್ಲಿಟ್ಟು ತಂಡವನ್ನು ಕಾಯಿಸುವ ಕಂಪನಿಯ ವಿರುದ್ಧ ಭಾರತದ ಕಾನೂನು ಕೊಟ್ಟಿರುವ ಅತ್ಯಂತ ನೇರವಾದ ಆಯುಧ ಅದು. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದು ನಡೆಯದು ಎಂದೂ ಅದೇ ಉಪಕಲಮು ಹೇಳುವುದರಿಂದ, ಈ ಉಪಕಲಮು ಅನ್ವಯಿಸುವುದಿಲ್ಲ ಎಂಬ ಒಂದು ಸಾಲು, ಸಾಮಾನ್ಯವಾಗಿ ಕೊನೆಯ ಪುಟಗಳ ಸಣ್ಣ ಅಕ್ಷರಗಳಲ್ಲಿ ಇರುವಂಥದು, ಸಹಿಗೆ ಮೊದಲು ಹೊಡೆದುಹಾಕಿಸಬೇಕಾದ ಸಾಲು.